ಬೀಗದ ಬಿಂಕ

"ಇದು ನಮ್ಮೂರಿನದಲ್ಲ," ಎಂದು ನಿವೃತ್ತ ಮೇಷ್ಟ್ರು ಬೀಗವನ್ನು ಗಾಜಿನ ಕೌಂಟರಿನ ಮೇಲೆ ಇಟ್ಟರು. ಸೊನ್ನೆ ಹಾಕಿದ ಉತ್ತರಪತ್ರಿಕೆಯನ್ನು ಹುಡುಗನ ಮುಂದೆ ಇಡುವ ರೀತಿಯಲ್ಲಿ ಇಟ್ಟರು.

ಹಾರ್ಡ್‌ವೇರ್ ಅಂಗಡಿಯ ಸಾಹುಕಾರ ಅದನ್ನು ಮುಟ್ಟಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಂಗಿಯ ಗಂಡನ ಕಡೆಗೆ ಗಲ್ಲ ಎತ್ತಿದ. "ಮಾಡಿದೋರೇ ಇಲ್ಲಿದಾರಲ್ಲ ಮೇಷ್ಟ್ರೇ, ಕೇಳಿ. ಬೀಗದ ಕಾರ್ಖಾನೆ ಫಿಟ್ಟರು."

"ನನ್ನ ಕೈಯಾರೆ ಜೋಡಿಸಿದ್ದು ಸಾರ್," ಎಂದ ಫಿಟ್ಟರ್. "ಹಿಂದೆ ತಿರುಗಿಸಿ ನೋಡಿ, ಕಾರ್ಖಾನೆ ಮುದ್ರೆ ಇದೆ."

"ಮುದ್ರೆ ಯಾರು ಬೇಕಾದ್ರೂ ಒತ್ತುತಾರೆ. ಬಿಂಕ ಎಲ್ಲಿ?"

ಬಿಂಕ ಎಂದರೆ ಏನೆಂದು ಆ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹಳೆಯ ಕಾರ್ಖಾನೆಯ ಬೀಗಕ್ಕೆ ಕೀ ಹಾಕಿ ತಿರುಗಿಸಿದರೆ ಅರ್ಧದಲ್ಲಿ ನಿಂತುಬಿಡುತ್ತಿತ್ತು. ಒಂಚೂರು ಹಿಂದಕ್ಕೆ ತಂದು, ಪುಸಲಾಯಿಸಿದ ಹಾಗೆ ಮಾಡಿ ಮತ್ತೆ ತಿರುಗಿಸಿದರೆ ಮಾತ್ರ ಕೊಂಡಿ ಬಿಡುತ್ತಿತ್ತು. ಹೊಸ ಸೊಸೆಯಂದಿರಿಗೆ ಅತ್ತೆಯರು ಮೊದಲು ಕಲಿಸುತ್ತಿದ್ದುದು ಅಡುಗೆಮನೆಯ ಡಬ್ಬಿಗಳನ್ನಲ್ಲ, ಇದನ್ನು. ಹೊರಗಿನ ಕಳ್ಳರಿಗೆ ಈ ಗುಟ್ಟು ತಿಳಿಯದೆ ಬರಿಗೈಯಲ್ಲಿ ಹೋದರು ಎಂಬ ಕಥೆಗಳೂ ಇದ್ದವು. ಕಳ್ಳರು ಕೀ ಇಟ್ಟುಕೊಂಡು ಬರುವುದಿಲ್ಲ ಎಂದು ಯಾರೂ ಅಡ್ಡಮಾತು ಆಡಿರಲಿಲ್ಲ.

"ಅದು ಸಾರ್, ದೋಷ ಅದು," ಎಂದ ಫಿಟ್ಟರ್. "ಹೊಸ ಮಿಷನ್‌ನಲ್ಲಿ ಹೋಗಿದೆ."

"ಹೋಗಿದೆ ಅಂತೀಯಾ, ಬಂದೇ ಇಲ್ಲ ಅಂತೀನಿ ನಾನು. ಇದು ಹಡಗಿನಲ್ಲಿ ಬಂದ ಬೀಗ. ಹೋದ ಸಲ ನಿಮ್ಮ ಭಾವ ಹೀಗೇ ಹೇಳಿ ಟೋಪಿ ಹಾಕಿದ್ದ." ಮೇಷ್ಟ್ರು ಛತ್ರಿ ಎತ್ತಿಕೊಂಡು ಮೆಟ್ಟಿಲಿಳಿದರು.

ಭಾವ ಟೋಪಿ ಹಾಕಿದ್ದು ನಿಜ. ಕಾರ್ಖಾನೆ ಮುಚ್ಚಿದ ಮೇಲೆ ಅವನು ಹೊರದೇಶದ ಅಗ್ಗದ ಬೀಗಗಳನ್ನು ತರಿಸಿ, ಕೇಳಿದವರಿಗೆ "ನಮ್ಮದೇ, ಹಳೇ ಸ್ಟಾಕು" ಎಂದು ಮಾರಿದ್ದ. ಯಾವ ಬೀಗಗಳು ಬಂದು ಕಾರ್ಖಾನೆ ಮುಚ್ಚಿತೋ ಅವನ್ನೇ ಕಾಗದದಲ್ಲಿ ಸುತ್ತಿ ಕೊಡುವ ಕೆಲಸ ಫಿಟ್ಟರನದಾಗಿತ್ತು. ಕೌಂಟರಿನ ಹಿಂದೆ ಅವನಿಗಾಗಿ ಒಂದು ಸ್ಟೂಲಿತ್ತು. ಈಗ ಗಾಳಿ ಬದಲಾಗಿತ್ತು. ಜನ ಪೊರಕೆ ಕೊಳ್ಳುವಾಗಲೂ ಎಲ್ಲಿಯದೆಂದು ಕೇಳುತ್ತಿದ್ದರು. ಹಳೆಯ ಯಜಮಾನರ ಮೊಮ್ಮಗಳು ಕಾರ್ಖಾನೆಯ ಬಾಗಿಲು ತೆಗೆದಿದ್ದಳು, ಭಾವ "ನಮ್ಮಲ್ಲೇ ತಯಾರಾದದ್ದು" ಎಂದು ಬೋರ್ಡು ಬರೆಸಿದ್ದ. ಮೊದಲ ಸಲ ನಿಜ ಬರೆಸಿದ್ದ, ಯಾರೂ ನಂಬಿರಲಿಲ್ಲ.

"ನೋಡಪ್ಪಾ," ಎಂದ ಭಾವ, ವಾಪಸು ಬಂದ ಬೀಗಗಳ ಪೆಟ್ಟಿಗೆಯನ್ನು ಕಾಲಿನಿಂದ ನೂಕುತ್ತ. "ಮೇಷ್ಟ್ರು ಒಪ್ಪಿದ್ರೆ ಊರು ಒಪ್ಪುತ್ತೆ. ಇಲ್ಲಾಂದ್ರೆ ಮುಂದಿನ ಲಾಟು ನಾನು ತಗೊಳಲ್ಲ. ನಾನೇ ತಗೊಳ್ದಿದ್ರೆ ಬೇರೆ ಯಾರು ತಗೋತಾರೆ? ನಿಮ್ಮ ಕಾರ್ಖಾನೆ ಮತ್ತೆ ಮುಚ್ಚಿದ್ರೂ ಯೋಚನೆ ಮಾಡ್ಬೇಡ. ನಿನ್ನ ಸ್ಟೂಲು ಅಲ್ಲೇ ಇದೆ."

ಸ್ಟೂಲು ನಿಜಕ್ಕೂ ಅಲ್ಲೇ ಇತ್ತು. ಅದರ ಮೇಲೆ ಬೆಕ್ಕು ಮಲಗಿತ್ತು.

ಕಾರ್ಖಾನೆಯಲ್ಲಿ ಯಜಮಾನರ ಮೊಮ್ಮಗಳು ಫಿಟ್ಟರ್ ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡು, ಪೆನ್ನಿನ ಮುಚ್ಚಳ ಕಚ್ಚುತ್ತ, "ಹಾಗಾದ್ರೆ ಬಿಂಕ ಹಾಕಿಕೊಡಿ," ಎಂದಳು.

"ಮೇಡಂ, ಅದನ್ನ ತೆಗೀಬೇಕು ಅಂತ ನಿಮ್ಮ ತಾತ ನಮ್ಮನ್ನ ಬೈಯದ ದಿನ ಇಲ್ಲ. ನನ್ನ ಅರ್ಧ ಆಯಸ್ಸು ಅದನ್ನ ಓಡಿಸೋದರಲ್ಲೇ ಹೋಯ್ತು."

"ಈಗ ವಾಪಸು ಕರೀರಿ. ನಾನು ಬೀಗ ಮಾರ್ತೀನಿ ಅಂತ ತಿಳ್ಕೊಂಡಿದ್ದೆ. ಜನ ಬೇರೇನೋ ಕೊಳ್ತಾ ಇದ್ರು ಅನ್ಸುತ್ತೆ."

ಫಿಟ್ಟರ್ ಬೆಂಚಿಗೆ ಹೋಗಿ ಕುಳಿತ. ಬಿಂಕ ಎಲ್ಲಿಂದ ಬರುತ್ತಿತ್ತು ಎಂಬುದು ಅವನಿಗಷ್ಟೇ ಅಲ್ಲ, ಯಾರಿಗೂ ಗೊತ್ತಿರಲಿಲ್ಲ. ಕೆಲವರು ಸ್ಪ್ರಿಂಗನ್ನು ದೂರುತ್ತಿದ್ದರು, ಕೆಲವರು ಹಳೆಯ ಅಚ್ಚನ್ನು. ಸತ್ತುಹೋದ ಒಬ್ಬ ಮೇಸ್ತ್ರಿ ಊರಿನ ನೀರನ್ನೇ ದೂರುತ್ತಿದ್ದ. ಫಿಟ್ಟರ್ ಒಂದು ಲಿವರಿಗೆ ಅರ ಹಾಕಿ ಉಜ್ಜಿದ, ಬೀಗ ಪೂರ್ತಿ ಕಚ್ಚಿಕೊಂಡಿತು. ಇನ್ನೊಂದಕ್ಕೆ ಸ್ಪ್ರಿಂಗ್ ಬಗ್ಗಿಸಿದ, ಬೀಗ ಕೀ ಇಲ್ಲದೆಯೇ ಬಾಯಿಬಿಟ್ಟಿತು. ಸರಿಯಾಗಿ ಮಾಡುವುದನ್ನು ಕಲಿತ ಕೈಗೆ ಅಷ್ಟೇ ಅಳತೆಯಲ್ಲಿ ತಪ್ಪು ಮಾಡುವುದು ಬರುತ್ತಿರಲಿಲ್ಲ. ಸಂಜೆಯ ಹೊತ್ತಿಗೆ ಬೆಂಚಿನ ಮೇಲೆ ಹಾಳಾದ ಬೀಗಗಳ ಗುಡ್ಡೆ ಬಿದ್ದಿತ್ತು. ಅರ ಹಾಕಿದ ಒಂದರಲ್ಲಿ ಮಾತ್ರ ಕೀ ಅರ್ಧಕ್ಕೆ ನಿಂತು, ಹಿಂದೆ ಬಂದು, ಮುಂದೆ ಹೋಯಿತು. ಅವನು ಮತ್ತೊಮ್ಮೆ ತಿರುಗಿಸಿದ. ಮತ್ತೆ ನಿಂತಿತು.

ಅದನ್ನು ಮನೆಗೆ ಒಯ್ದ. ಅವನ ಮನೆಯ ಬಾಗಿಲಿಗೂ ಹೊಸ ಮಿಷನ್ನಿನ ಅಂಥದೇ ಮಾದರಿ ಬೀಗವಿತ್ತು. ಬಿಚ್ಚಿ ನೋಡಲು ಅನುಕೂಲವಾಗಲೆಂದು ಮಾದರಿ ಬೀಗಗಳಿಗೆ ರಿವೆಟ್ಟಿನ ಬದಲು ಸ್ಕ್ರೂ ಇರುತ್ತಿತ್ತು, ಎಲ್ಲಕ್ಕೂ ಒಂದೇ ಕೀ. ಕೆಲಸಗಾರರು ಒಂದೊಂದನ್ನು ಮನೆಗೆ ಒಯ್ದಿದ್ದರಿಂದ ಆ ಬೀದಿಯ ಅರ್ಧ ಮನೆಗಳು ಈಗ ಒಂದೇ ಕೀಗೆ ತೆರೆಯುತ್ತಿದ್ದವು. ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಫಿಟ್ಟರ್ ಬಾಗಿಲಿಗಿದ್ದುದನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ಬಿಂಕದ ಬೀಗವನ್ನು ತೆರೆದ ಬಾಗಿಲಿನ ಹೊರಚಿಲಕಕ್ಕೆ ಸಿಕ್ಕಿಸಿ ಒತ್ತಿ, ಹೆಂಡತಿಯನ್ನು ಹೊರಗೆ ಕರೆದ.

"ಇದನ್ನ ತೆಗಿ."

"ಒಲೆ ಮೇಲೆ ಹಾಲಿಟ್ಟಿದೀನಿ, ಈಗ ಬೀಗದಾಟ ಬೇಕಾ?" ಎನ್ನುತ್ತ ಅವಳು ಕೀ ಹಾಕಿ ತಿರುಗಿಸಿದಳು. ಅರ್ಧ, ಒಂಚೂರು ಹಿಂದೆ, ಮತ್ತೆ ಮುಂದೆ. ಕೊಂಡಿ ಬಿಟ್ಟಿತು.

"ತಡೀತಾ?"

"ಏನು ತಡೆಯೋದು? ದಿನಾ ತೆಗೆಯೋ ಹಾಗೇ ತೆಗೆದೆ."

"ದಿನಾ ಹೀಗೇ ತೆಗೀತೀಯಾ? ಹಿಂದಕ್ಕೆ ತಂದು?"

"ನಾನೆಲ್ಲಿ ಹಿಂದಕ್ಕೆ ತಂದೆ? ನೇರವಾಗೇ ತಿರುಗಿಸಿದೆ. ನಿಮಗೆ ಆ ಬೀಗ ತಲೆಗೆ ಹತ್ತಿದೆ ಅಷ್ಟೆ," ಎಂದು ಅವಳು ಹಾಲಿನ ಕಡೆಗೆ ಓಡಿದಳು. ಅವನು ಅಲ್ಲೇ ನಿಂತ. ಹೊಸ ಬೀಗ ಬಂದ ದಿನದಿಂದ ಹೆಂಡತಿ ಬಾಗಿಲು ತೆಗೆಯುವುದನ್ನು ಅವನು ನೋಡಿಯೇ ಇರಲಿಲ್ಲ.

ಬೆಳಿಗ್ಗೆ ಅವಳು ಕೈಗೆ ಕೊಟ್ಟ ಬೀಗವನ್ನು ಜೇಬಿಗಿಳಿಸಿ ಅಂಗಡಿಗೆ ಹೋದ. ಭಾವ ಮೇಷ್ಟ್ರನ್ನು ಕರೆಸಿ ಕೂರಿಸಿದ್ದ. ಸ್ಟೂಲಿನ ಮೇಲೆ ಕೂರಿಸಿದ್ದ, ಬೆಕ್ಕು ಮುನಿಸಿಕೊಂಡು ಮೊಳೆಯ ಡಬ್ಬಿಗಳ ಮೇಲೆ ಹೋಗಿ ಕುಳಿತಿತ್ತು.

"ಬಿಂಕ ಹಾಕಿಸಿದೀವಿ ಮೇಷ್ಟ್ರೇ, ನೋಡಿಬಿಡಿ," ಎಂದ ಭಾವ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕೀ ತಿರುಗಿಸಿದರು. ಅರ್ಧದಲ್ಲಿ ಅವರ ಕೈ ನಿಂತಿತು. ಹುಬ್ಬು ಮೇಲೇರಿತು. ಕೀಯನ್ನು ಹಿಂದಕ್ಕೆ ತಂದರು, ಮುಂದಕ್ಕೆ ಒಯ್ದರು. ಟಕ್ ಎಂದಿತು.

"ಹಾಂ!" ಎಂದರು ಮೇಷ್ಟ್ರು. ಕಳೆದುಹೋದ ದನ ತಾನೇ ಕೊಟ್ಟಿಗೆಗೆ ಬಂದಂತೆ ಬೀಗದ ಬೆನ್ನು ತಟ್ಟಿದರು. "ಇದು ನೋಡು ನಮ್ಮದು. ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆಯಪ್ಪಾ?"

ಭಾವ ಅವರೆದುರೇ ಕಾರ್ಖಾನೆಗೆ ಫೋನು ಮಾಡಿ, ಮುಂದಿನ ಲಾಟು ಪೂರ್ತಿ ತನಗೇ ಬೇಕೆಂದ. ಫಿಟ್ಟರ್ ಬೆಂಚಿಗೆ ಮರಳುವ ಹೊತ್ತಿಗೆ ಮೊಮ್ಮಗಳು ಅಲ್ಲಿ ನಿಂತಿದ್ದಳು. "ಗೆದ್ದಿರಿ ಬಿಡಿ! ಇದರಲ್ಲಿ ಏನು ಮಾಡಿದೀರೋ ಎಲ್ಲದಕ್ಕೂ ಅದನ್ನೇ ಮಾಡಿ. ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಅವಳು ಹೋದ ಮೇಲೆ ಅವನು ಅಳತೆ ತೆಗೆದುಕೊಳ್ಳಲು ಸ್ಕ್ರೂ ಬಿಚ್ಚಿದ. ಲಿವರನ್ನು ಬೆಳಕಿಗೆ ಹಿಡಿದ. ಅಂಚು ನುಣ್ಣಗಿತ್ತು. ಉಳಿದವನ್ನೂ ಒಂದೊಂದಾಗಿ ನೋಡಿದ. ಎಲ್ಲಿಯೂ ಅರ ಮುಟ್ಟಿದ ಗುರುತಿರಲಿಲ್ಲ. ಇದು ಕಿಟಕಿಯ ಕಟ್ಟೆಯ ಮೇಲಿದ್ದ ಬೀಗ. ಅರ ಹಾಕಿದ್ದು ಮನೆಯ ಬಾಗಿಲಲ್ಲೇ ಇತ್ತು.

ಬೀಗವನ್ನು ಮತ್ತೆ ಜೋಡಿಸಿ ತಿರುಗಿಸಿದ. ಸಲೀಸಾಗಿ ಹೋಯಿತು. ಮತ್ತೊಮ್ಮೆ ತಿರುಗಿಸಿದ. ಈ ಸಲ ಎಲ್ಲೋ ಒಂಚೂರು ತಡೆದಂತಾಯಿತು, ಅಥವಾ ಆಗಲಿಲ್ಲ. ಮೊಮ್ಮಗಳ ಕೋಣೆಯವರೆಗೆ ಹೋದ. ಗಾಜಿನಾಚೆ ಅವಳು ಫೋನಿನಲ್ಲಿ ಯಾರಿಗೋ ಬಿಂಕದ ವಿಷಯ ಹೇಳಿ ನಗುತ್ತಿದ್ದಳು. ಇವನನ್ನು ಕಂಡು ಏನೆಂಬಂತೆ ಹುಬ್ಬು ಹಾರಿಸಿದಳು. ಇವನು ಏನಿಲ್ಲವೆಂದು ತಲೆಯಾಡಿಸಿ ಬೆಂಚಿಗೆ ಬಂದ. ಅರವನ್ನು ಎತ್ತಿ ಡ್ರಾಯರಿಗೆ ಹಾಕಿದ. ಏನೂ ಮಾಡದಿರುವುದನ್ನು ಹೆಚ್ಚೂ ಕಮ್ಮಿಯೂ ಆಗದಂತೆ ಹೇಗೆ ಮಾಡುವುದೆಂದು ತಿಳಿಯದೆ, ಸಂಜೆಯವರೆಗೆ ಎಂದಿನಂತೆ ಬೀಗ ಜೋಡಿಸಿದ.

ಮನೆಗೆ ಬಂದಾಗ ಹೆಂಡತಿ ಮಾರುಕಟ್ಟೆಯಿಂದ ಆಗಷ್ಟೇ ಬಂದು ಮೆಟ್ಟಿಲ ಮೇಲೆ ನಿಂತಿದ್ದಳು, ಎರಡೂ ಕೈಯಲ್ಲಿ ಚೀಲ.

"ಬೆಳಿಗ್ಗೆ ನನಗೆ ಯಾವ ಬೀಗ ಕೊಟ್ಟೆ?"

"ಕೈಗೆ ಸಿಕ್ಕಿದ್ದು. ಎರಡೂ ಒಂದೇ ಅಲ್ವಾ? ತೆಗೀರಿ ಬೇಗ, ಕೈ ಬಿದ್ದುಹೋಗ್ತಿದೆ."

ಅವನು ಕೀ ಹಾಕಿ ತಿರುಗಿಸಿದ. ಅರ್ಧಕ್ಕೆ ನಿಂತಿತು. ನಿಂತದ್ದು ಬೀಗವೋ ಕೈಯೋ ಎಂದು ಅವನು ಹಾಗೆಯೇ ಹಿಡಿದುಕೊಂಡು ನೋಡಿದ. ಹಿಂದಕ್ಕೂ ತರಲಿಲ್ಲ, ಮುಂದಕ್ಕೂ ಒಯ್ಯಲಿಲ್ಲ.

"ಏನಾಯ್ತು?" ಎಂದಳು ಹೆಂಡತಿ.

ಎದುರು ಮನೆಯಲ್ಲಿ ಯಾರೋ ಬೀಗ ತೆಗೆಯುತ್ತಿದ್ದರು. ಫಿಟ್ಟರ್ ಕೀಯಿಂದ ಕೈ ತೆಗೆಯದೆ, ಕತ್ತು ಮಾತ್ರ ಹೊರಳಿಸಿ, ಅವರ ಮಣಿಕಟ್ಟನ್ನೇ ನೋಡುತ್ತಿದ್ದ.