ಒಂದೇ ಹೆಸರಿನವರು

ಮೆರಾಪಿ ಜ್ವಾಲಾಮುಖಿ ಬೆಟ್ಟದ ನೆತ್ತಿಯಲ್ಲಿ ಮಳೆ ಸುರಿಯುತ್ತಿತ್ತು. ಕೆಳಗೆ ನಮ್ಮಲ್ಲಿ ಮಧ್ಯಾಹ್ನದ ಬಿಸಿಲು. ಹೊಳೆಯ ಪಾತ್ರದಲ್ಲಿ ಮೂವತ್ತೊಂದು ಜನ ಮರಳು ತೆಗೆಯುತ್ತಿದ್ದರು. ಬೂದಿಗೆಸರಿನ ಪ್ರವಾಹ ಅವರನ್ನು ಮುಟ್ಟಲು ಅರ್ಧ ಗಂಟೆ ಸಾಕು.

ಅವರ ಫೋನ್‌ಗಳಿಗೆ ಎಚ್ಚರಿಕೆ ಕಳುಹಿಸುವುದು ನನ್ನ ಕೆಲಸ. ಮೊದಲು ಅದು ನನ್ನ ಗಂಡ ಹರ್ಯೊನದಾಗಿತ್ತು. ಅವನು ತೀರಿಕೊಂಡ ಮೇಲೆ ಕುರ್ಚಿ ನನಗೆ ಬಂತು.

ಹೊಸ ವೆಬ್ ಪುಟದಲ್ಲಿ ಗುಂಡಿ ಒತ್ತಿದೆ. ‘ಕಳುಹಿಸಲಾಗಿದೆ’ ಎಂಬ ಹಸಿರು ಅಕ್ಷರ ಮೂಡಿತು. ಆಮೇಲೆ ಒಬ್ಬರಿಗಾದರೂ ಫೋನ್ ಮಾಡಿ ಕೇಳುವುದು ಕಚೇರಿಯ ರೂಢಿ. ದಂಡೆಯ ಕಾವಲಿನ ಪಾಕ್ ತುಕಿರಾನ್‌ಗೆ ಮಾಡಿದೆ. ಹಿರಿಯರನ್ನು ನಾವು ‘ಪಾಕ್’ ಎನ್ನುತ್ತೇವೆ; ನನ್ನನ್ನು ಎಲ್ಲರೂ ‘ಮ್ಬಾಕ್’, ಅಂದರೆ ಅಕ್ಕ, ಎನ್ನುತ್ತಾರೆ.

“ಏನೂ ಬಂದಿಲ್ವಲ್ಲ, ಮ್ಬಾಕ್ ಸೆಕಾರ್.”

“ಹೊಳೆ ಬರ್ತಿದೆ ಪಾಕ್. ಎಲ್ಲರನ್ನೂ ಕೂಗಿ.”

“ಎರಡು ಮೈಲಿ ಹರಡ್ಕೊಂಡಿದಾರೆ. ಲಾರಿ ಸದ್ದಲ್ಲಿ ಈ ಮುದುಕನ ಗಂಟಲು ಯಾರಿಗೆ ಕೇಳ್ಸುತ್ತೆ? ಕೂಗ್ತೀನಿ, ನೀವು ಬೇಗ ಏನಾದ್ರೂ ಮಾಡಿ.”

ಫೋನ್ ಕಿವಿಗೆ ಆನಿಸಿಕೊಂಡೇ ಕಂಪ್ಯೂಟರಿನಲ್ಲಿ ಆಜ್ಞೆ ಬರೆಯುವ ಕಪ್ಪು ಪರದೆ ತೆರೆದೆ. ಅಲ್ಲಿ ಗುಂಡಿಗಳಿಲ್ಲ, ಬಣ್ಣವಿಲ್ಲ. ಸರ್ವರಿನ ವಿಳಾಸ, ಪಡೆಯುವವರ ಹೆಸರು, ಫೋನ್ ಸಂಖ್ಯೆ ಟೈಪ್ ಮಾಡಿ ಎಂಟರ್ ಒತ್ತಿದರೆ ಸರ್ವರ್ ತನ್ನ ಮಾತನ್ನು ತಾನೇ ಹೇಳುತ್ತದೆ.

ಪುಟ ಮಾಡಿದ್ದ ಯಾನುವಾರ್ ಪಕ್ಕದ ಮೇಜಿನಿಂದ ನಕ್ಕ. “ಮೌಸ್ ಏನು ಕಚ್ಚುತ್ತಾ, ಮ್ಬಾಕ್?”

ತುಕಿರಾನ್ ಹೆಸರಿಗೆ ಕಳುಹಿಸಿದೆ. ಉತ್ತರ ಬಂತು: ತಿರಸ್ಕೃತ. ಎರಡನೆಯ ಹೆಸರು ಖಾಲಿ. ಪುಟ ಇದನ್ನು ಮುಚ್ಚಿಟ್ಟು ಹಸಿರು ತೋರಿಸಿತ್ತು.

“ಪುಟವನ್ನು ಯಾರ ಹೆಸರು ಹಾಕಿ ಪರೀಕ್ಷೆ ಮಾಡಿದ್ದೆ ನೀನು?”

“ನಂದು. ಯಾನುವಾರ್ ವಿಬಿಸೋನೊ. ಮತ್ತೆ ನಮ್ಮ ಕಾಲೇಜು ಗೆಳೆಯರದ್ದು.” ಎದ್ದು ಬಂದು ಪರದೆ ನೋಡಿದ. ನಗು ಹೋಯಿತು.

“ಪಾಕ್, ನಿಮಗೆಲ್ಲ ಒಬ್ಬೊಬ್ಬರಿಗೆ ಒಂದೊಂದೇ ಹೆಸರಾ? ಎರಡನೇದು ಇಲ್ವಾ?”

“ಮತ್ತೆ? ನಮ್ಮಪ್ಪ ಒಂದು ಹೆಸರಿಡೋಕೇ ಊರಿಗೆ ಊಟ ಹಾಕಿ ಸುಸ್ತಾಗಿದ್ದ.”

ಹಜ್ ಯಾತ್ರೆಯ ಕಾಗದಗಳಲ್ಲಿ ಇಂಥವರು ಒಂದೇ ಹೆಸರನ್ನು ಎರಡು ಸಲ ಬರೆಯುವುದುಂಟು. ಹಾಗೇ ಬರೆದೆ: ತುಕಿರಾನ್ ತುಕಿರಾನ್. ಎಂಟರ್. ಸ್ವೀಕೃತ. ಕಿವಿಯೊಳಗೆ ಅವರ ಫೋನ್ ಗುಂಯ್‌ಗುಟ್ಟಿತು.

“ಬಂತು, ಮ್ಬಾಕ್.”

ಉಳಿದವರ ಖಾಲಿ ಜಾಗಕ್ಕೂ ಅವರವರ ಹೆಸರನ್ನೇ ತುಂಬುವಂತೆ ಒಂದು ಸಾಲಿನ ಆಜ್ಞೆ ಬರೆದೆ. ಎಂಟರ್. ಸ್ವೀಕೃತ, ಸ್ವೀಕೃತ ಎಂದು ಸಾಲುಗಳು ನಾನು ಓದುವುದಕ್ಕಿಂತ ವೇಗವಾಗಿ ಇಳಿದವು. ಫೋನಿನಾಚೆ ಲಾರಿಗಳ ಸದ್ದು ಒಂದೊಂದಾಗಿ ನಿಂತಿತು. ಕೂಗಾಟ, ಓಡುವ ಕಾಲುಗಳು. ಪಾಕ್ ತುಕಿರಾನ್ ದಂಡೆ ಹತ್ತಿದವರನ್ನು ಎಣಿಸುತ್ತಿದ್ದರು. ಮೂವತ್ತಕ್ಕೆ ನಿಂತರು.

“ಲೇ ಪಾಯಿರಿನ್, ಸಲಿಕೆ ಬಿಸಾಕೋ. ಅದನ್ನೇನು ಮದ್ವೆ ಆಗಿದೀಯಾ?”

ಯಾನುವಾರ್ ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ.

“ಮೂವತ್ತೊಂದು,” ಎಂದರು ಪಾಕ್ ತುಕಿರಾನ್.

ಸ್ವಲ್ಪ ಹೊತ್ತಿಗೆ ಹೊಳೆ ಬಂತು. ಮನೆಯಷ್ಟು ದೊಡ್ಡ ಬಂಡೆಗಳು ಒಂದಕ್ಕೊಂದು ಬಡಿಯುವ ಸದ್ದು. ಪಾಕ್ ತುಕಿರಾನ್ ಫೋನನ್ನು ಹೊಳೆಯ ಕಡೆಗೇ ಹಿಡಿದಿದ್ದರು. ನಾವಿಬ್ಬರೂ ಕೇಳಿದೆವು. ನನ್ನ ಬೆರಳುಗಳು ಇನ್ನೂ ಕೀಲಿಗಳ ಮೇಲೇ ಇದ್ದವು.