ಜಾಲಿ ಚೌಕಟ್ಟಿನ ಹಿಟ್ಟು

“ಏಳನೆತ್ತಕ್ಕ ಸಾಲಿ ಬಿಟ್ಟು ಓಡಿ ಬಂದವನ ಕೈಯಾಗ ಬಾಗಲಾ ಮಾಡಿಸಿದ್ದ ನನ್ನ ತಪ್ಪು ನೋಡ್ರಿ! ಗೆದ್ದಲ ಹತ್ತಿದ ಕಟ್ಟಿಗಿ ಬಡದು ಹೋಗ್ಯಾನ, ಕಳ್ಳ!”

ಅಕ್ಕಿ ಗಿರಣಿಯ ರುದ್ರೇಶ ಕಾರಟಗಿ ಊರಿನ ತನ್ನ ಹೊಸ ಮನೆಯ ಮುಂದೆ, ಬಡಿಗನಾದ ನನ್ನತ್ತ ಕೈ ಮಾಡಿ ಹೀಗೆ ಕೂಗಿದಾಗ ಓಣಿಯ ಹತ್ತು ಜನ ಅಲ್ಲಿದ್ದರು. ಗೆದ್ದಲಿಗೆ ಔಷಧ ಹಾಕುವವನು ಆಗಲೇ ನೆಲ ಕೊರೆಯುವ ಮಷೀನು ಹಿಡಿದು ನಿಂತಿದ್ದ. ಕಳ್ಳ ಎಂಬ ಮಾತು ಸಂಜೆಯೊಳಗೆ ಪಕ್ಕದೂರು ಸಿದ್ದಾಪುರವನ್ನೂ ಮುಟ್ಟುತ್ತದೆ. ಆಮೇಲೆ ಒಂದು ಕಿಟಕಿಯ ಕೆಲಸವನ್ನೂ ನನಗೆ ಯಾರೂ ಕೊಡುವುದಿಲ್ಲ. ಆದರೂ ಮೊದಲು ಮೊಣಕಾಲೂರಿ ಚೌಕಟ್ಟು ನೋಡಿದೆ.

“ಗೆದ್ದಲ ನೆಲದಾಗಿಂದ ಬರ್ತೈತ್ರಿ, ಸಾವಿರಗಟ್ಲೆ. ಬೆಳಕು ಅದಕ್ಕ ಆಗೂದಿಲ್ಲ. ಮಣ್ಣಿನ ಕೊಳವಿ ಕಟ್ಟಿಕೊಂಡು ಅದರೊಳಗ ಹತ್ತತೈತಿ. ಎಲ್ಲೈತಿ ಮಣ್ಣು? ತೋರಸ್ರಿ.”

ಮಣ್ಣು ಇರಲಿಲ್ಲ. ಸಾಸಿವೆ ಕಾಳಿನಷ್ಟು ದುಂಡನೆಯ ತೂತುಗಳು, ಕೆಳಗೆ ಮೈದಾ ಹಿಟ್ಟಿನಂಥ ಪುಡಿ. ಒಂದು ತೂತನ್ನು ಉಳಿಯಿಂದ ಮೆಲ್ಲಗೆ ಮೀಟಿದೆ. ಕಂದು ಬಣ್ಣದ ಸಣ್ಣ ಹುಳವೊಂದು ಅಂಗೈಗೆ ಬಿತ್ತು.

“ಇದು ಕುಟ್ಟಿಹುಳ. ಕಟ್ಟಿಗಿಯೊಳಗ ಬೆಳದು, ರೆಕ್ಕಿ ಬಲಿತ ಮ್ಯಾಲೆ ಒಂದೊಂದ ತಾನ ದಾರಿ ಕೊರಕೊಂಡು ಹೊರಗ ಬರ್ತೈತಿ. ನೆಲಕ್ಕ ಎಷ್ಟ ಔಷಧ ಸುರುವಿದ್ರೂ ಇದಕ್ಕೇನೂ ಆಗೂದಿಲ್ಲ. ಮತ್ತ ತೂತೆಲ್ಲಾ ಹೊರಗಿನ ಬಿಳಿ ಕಟ್ಟಿಗ್ಯಾಗ ಅದಾವ. ಕೆಂಪು ತಿರುಳಿನಾಗ ಒಂದರ ಐತೇನ್ರಿ?”

ಮರ ರುದ್ರೇಶನದೇ ಹೊಲದ ಜಾಲಿ. ಬಿಳಿ ಭಾಗ ಕೆತ್ತಿ ತೆಗೆಯೋಣ, ಹುಳ ತಿನ್ನುವ ಸತ್ವ ಕರಗಿಹೋಗಲು ದಿಮ್ಮಿಯನ್ನು ಮೂರು ತಿಂಗಳು ನೀರಿನಲ್ಲಿ ಮುಳುಗಿಸಿಡೋಣ ಎಂದು ನಾನು ಹೇಳಿದ್ದೆ. ಕೆಲಸ ಕಲಿಸಿದ ಉಸ್ತಾದ ಮಕ್ಬುಲಸಾಬರು ಹಾಗಲ್ಲದೆ ಜಾಲಿಗೆ ಉಳಿ ಮುಟ್ಟಿಸುತ್ತಿರಲಿಲ್ಲ. ಚೌಕಟ್ಟು ದಪ್ಪ ಕಾಣಬೇಕು, ಶ್ರಾವಣಕ್ಕೆ ಮನೆ ಹೊಗಬೇಕು ಎಂದು ರುದ್ರೇಶ ನನ್ನ ಮಾತು ಕೇಳಲಿಲ್ಲ.

ಒಳಗಿಂದ ಅವನ ತಾಯಿ ಶೇಖರಮ್ಮ ಬಂದಳು. “ಹೌದಪಾ, ಈ ಹುಡುಗ ನನ್ನ ಮುಂದನ ಹೇಳಿದ್ದ. ‘ನಿನಗೇನ ತಿಳಿತೈತಲೇ’ ಅಂತ ನೀನ ಬಾಯಿ ಮುಚ್ಚಿಸಿದಿ.”

“ರುದ್ರೇಶಾ, ಆ ಹುಳಾ ಎಷ್ಟನೆತ್ತ ಕಲತೈತಿ ಕೇಳು!” ಎಂದ ಪಕ್ಕದ ಮನೆಯ ಶಬ್ಬೀರಸಾಬ. ಜನ ನಕ್ಕರು. ನಾನು ನಗಲಿಲ್ಲ. ಔಷಧದವನು ಮಷೀನಿನ ವೈರು ಸುತ್ತತೊಡಗಿದ.

ರುದ್ರೇಶ ನನ್ನ ಹತ್ತಿರ ಬಂದು ದನಿ ಇಳಿಸಿದ. “ಆತು ಬಿಡೋ ದ್ಯಾವಪ್ಪ. ಹೊಸಾ ಚೌಕಟ್ಟ ನೀನ ಮಾಡು, ನೀ ಹೇಳಿದಂಗ. ಯಾವಾಗ ಬರ್ತಿ?”

ಕಳ್ಳ ಎಂದದ್ದು ಓಣಿಗೆಲ್ಲ ಕೇಳುವಂತೆ. ಇದು ನನ್ನ ಕಿವಿಗೆ ಮಾತ್ರ.

ಹುಳವನ್ನು ಅವನ ಹೊಸ್ತಿಲ ಮೇಲೆ ಬಿಟ್ಟು, ಉಳಿಯನ್ನು ಚೀಲಕ್ಕೆ ಹಾಕಿ ಹೊರಟೆ.

“ಏ ದ್ಯಾವಪ್ಪ! ಯಾವಾಗ ಬರ್ತೀಯೋ?” ಈಗ ಓಣಿಗೆಲ್ಲ ಕೇಳುವಂತೆ ಕೂಗಿದ.

ನಾನು ತಿರುಗಿ ನೋಡದೆ ನಡೆದೆ.