ಇನ್ನು ಮೂರು ದಿನದ ಕಾವು

ತಾಯಿ ತೀರಿಕೊಂಡಾಗ ದರ್ಜಿ ಅಕ್ಕನ ಅಣ್ಣಂದಿರು ಮನೆ, ಮಂಚ, ಪಾತ್ರೆ ಎಲ್ಲ ಹಂಚಿಕೊಂಡರು. ಕೋಳಿಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಇವಳು ಕೇಳಿದಳು. ಅಮ್ಮ ವರ್ಷಗಟ್ಟಲೆ ಮೊಟ್ಟೆ ಆರಿಸಿ, ಕಾವಿಗಿಟ್ಟು ಬೆಳೆಸಿದ ತಳಿ ಅದು. ಹಿತ್ತಲಿಗೆ ಬಂದಿದ್ದು ಎಂಟು. ಹುಂಜವೂ ಸೇರಿ ಐದನ್ನು ಒಂದೇ ತಿಂಗಳಲ್ಲಿ ಮುಂಗುಸಿ ನುಂಗಿ ನೀರು ಕುಡಿಯಿತು.

ಉಳಿದ ಮೂರರಲ್ಲಿ ಎರಡು ಮುದಿಯಾಗಿ ಮೊಟ್ಟೆ ನಿಲ್ಲಿಸಿದ್ದವು. ಚುಕ್ಕಿ ಒಬ್ಬಳೇ ಏಳು ಮೊಟ್ಟೆಗಳ ಮೇಲೆ ಕಾವು ಕೂತಿದ್ದಳು. ಹದಿನೆಂಟು ದಿನ ಆಗಿತ್ತು, ಇನ್ನು ಮೂರು ಬಾಕಿ. ಈ ಏಳು ಮರಿಯಾದರೆ ಅಮ್ಮನ ತಳಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಗಂಡ ವೆಲ್ಡರ್. ಊರಿನವರಿಗೆಲ್ಲ ಗೇಟು ಮಾಡಿಕೊಡುವ ಪುಣ್ಯಾತ್ಮನಿಗೆ ಹೆಂಡತಿಯ ಕೋಳಿಗೂಡು ಮಾತ್ರ ದಿನವೂ ನಾಳೆಯ ಕೆಲಸ. ಹುಂಜ ಹೋದ ಮೇಲೆ ಅವಳು ಊಟ ಬಿಟ್ಟಳು. ಆಗ ಎಚ್ಚೆತ್ತವನು ಎರಡೇ ದಿನದಲ್ಲಿ ಕಬ್ಬಿಣದ ಚೌಕಟ್ಟು ಮಾಡಿ ತಂದ.

ಕಾವು ಕೂತ ಕೋಳಿಯನ್ನು ಕದಲಿಸುವಂತಿಲ್ಲ. ಹಾಗಾಗಿ ತಳವಿಲ್ಲದ ಆ ಚೌಕಟ್ಟನ್ನು ಗೋಡೆಮೂಲೆಯಲ್ಲಿ ಇದ್ದದ್ದು ಇದ್ದ ಹಾಗೆಯೇ, ಚುಕ್ಕಿಯ ಪೆಟ್ಟಿಗೆ, ಪಕ್ಕದ ಚಿಂದಿಬಟ್ಟೆಯ ಮೂಟೆ ಎಲ್ಲದರ ಮೇಲೆ ಇಳಿಸಿದರು. ಅಕ್ಕ ಲಂಗದ ಅಂಚು ಮಡಿಸುವಂತೆ ಅದಕ್ಕೆ ಹೊದಿಸಿದ ಜಾಲರಿಯ ಅಂಚನ್ನು ಎರಡು ಸಲ ಮಡಿಸಿ, ತಂತಿಯಲ್ಲಿ ಒತ್ತೊತ್ತಾಗಿ ಹೊಲಿದಳು. ಅವನು ಹೊರಗೆ ಸುತ್ತಲೂ ಸಿಮೆಂಟ್ ಸುರಿದ.

"ಇನ್ನು ಹುಲಿ ಬಂದ್ರೂ ಒಳಗೆ ಹೋಗಕ್ಕಾಗಲ್ಲ ನೋಡು," ಎಂದ.

"ಹುಲಿ ವಿಷ್ಯ ಯಾರು ಕೇಳಿದ್ರು ನಿಮ್ಮನ್ನ? ಮುಂಗುಸಿ ಬರದಿದ್ರೆ ಸಾಕು."

ಮುದಿಕೋಳಿಗಳೆರಡನ್ನೂ ಒಳಗೆ ಬಿಟ್ಟು, ಬಾಗಿಲಿಗೆ ಬೀಗವನ್ನೂ ಹಾಕಿದ. ಕೀಲಿಯನ್ನು ಅಭ್ಯಾಸಬಲದಿಂದ ತನ್ನ ಗೊಂಚಲಿಗೇ ಸಿಕ್ಕಿಸಿಕೊಂಡು ಮರುದಿನ ಕೆಲಸಕ್ಕೆ ಹೋದ.

ಮಧ್ಯಾಹ್ನ ಹೊಲಿಗೆ ಯಂತ್ರದ ಸದ್ದನ್ನೂ ಮೀರಿ ಕೋಳಿಗಳ ಚೀರಾಟ ಕೇಳಿತು. ಓಡಿದಳು. ಚಿಂದಿಮೂಟೆ ಪಕ್ಕಕ್ಕೆ ಸರಿದಿತ್ತು, ಅದರ ಹಿಂದೆ ಗೋಡೆಯ ಬುಡದಲ್ಲಿ ಬಿಲ ಬಾಯಿ ತೆರೆದಿತ್ತು. ಹೊರಗೆಲ್ಲ ಸಿಮೆಂಟ್ ಹಾಕಿದ ಜಾಣರು ಮೂಟೆ ಎತ್ತಿ ನೋಡಿರಲಿಲ್ಲ. ಮೊದಲಾದರೆ ಮುದಿಕೋಳಿಗಳು ಗೋಡೆ ಹಾರಿಯಾದರೂ ಬದುಕುತ್ತಿದ್ದವು. ಈಗ ಜಾಲರಿಗೆ ಬಡಿದು ಬಡಿದು ಬೀಳುತ್ತಿದ್ದವು. ಒಂದರ ಕತ್ತು ಆಗಲೇ ಮುಂಗುಸಿಯ ಬಾಯಲ್ಲಿತ್ತು.

ಬೀಗ ಜಗ್ಗಿದಳು. ಕಲ್ಲಿನಿಂದ ಜಜ್ಜಿದಳು. ಗಂಡ ಮಾಡಿದ ಕೆಲಸ, ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಫೋನ್ ಮಾಡಿದಳು, ಗ್ರೈಂಡರ್ ಸದ್ದಿನಲ್ಲಿ ಅವನಿಗೆಲ್ಲಿ ಕೇಳಬೇಕು?

"ಬಿಡೋ, ಬಿಡೋ ಹಾಳಾದೋನೆ!" ಎಂದು ಕಿರುಚುತ್ತ ಮನೆಯೊಳಗೆ ಹೋಗಿ ಕತ್ತರಿ ತಂದಳು. ಬಟ್ಟೆಯ ಕತ್ತರಿ ಅದು, ಕಾಗದ ಕತ್ತರಿಸಲೂ ಯಾರಿಗೂ ಕೊಟ್ಟವಳಲ್ಲ. ತಾನೇ ಮಡಿಸಿ ಹೊಲಿದ ತಂತಿಯನ್ನು ಈಗ ಕಚಕಚ ಕತ್ತರಿಸಿದಳು. ಅಲಗು ಮುಕ್ಕಾಯಿತು, ಬೆರಳು ಕೊಯ್ದು ರಕ್ತ ಸುರಿಯಿತು. ತನ್ನ ಹೊಲಿಗೆಯ ಅಚ್ಚುಕಟ್ಟುತನವನ್ನು ಅವಳು ಜೀವನದಲ್ಲಿ ಮೊದಲ ಸಲ ಶಪಿಸಿದಳು.

ತೋಳು, ತಲೆ ತೂರುವಷ್ಟು ಕಿಂಡಿಯಾಗುವ ಹೊತ್ತಿಗೆ ಒಳಗೆ ಸದ್ದು ನಿಂತಿತ್ತು. ಎರಡು ಮುದಿಕೋಳಿಗಳೂ ಸತ್ತು ಬಿದ್ದಿದ್ದವು. ಮುಂಗುಸಿ ಅವಳನ್ನು ಕಂಡು ಬಿಲಕ್ಕೆ ಹಾರಿತು.

ಚುಕ್ಕಿ ಪೆಟ್ಟಿಗೆಯಿಂದ ಎದ್ದೇ ಇರಲಿಲ್ಲ. ರೆಕ್ಕೆ ಹರಡಿಕೊಂಡು, ಮೊಟ್ಟೆಗಳ ಮೇಲೆ ಹಾಗೆಯೇ ಕೂತಿದ್ದಳು. ಅಕ್ಕ ಮುಟ್ಟಿದಾಗ ಕತ್ತು ವಾಲಿತು.

ಅವಳು ಅಮ್ಮನನ್ನು ಕಳೆದುಕೊಂಡ ದಿನವೂ ಅಷ್ಟು ಜೋರಾಗಿ ಅತ್ತಿರಲಿಲ್ಲ. ಅಳುತ್ತಲೇ ಚುಕ್ಕಿಯ ಹೊಟ್ಟೆಯಡಿ ಕೈ ಹಾಕಿದಳು. ಏಳೂ ಬಿಸಿಯಾಗಿದ್ದವು. ಒಂದೊಂದಾಗಿ ಹೊರತೆಗೆದು ರವಿಕೆಯೊಳಗೆ, ಮೈಗೆ ಒತ್ತಿ ಇಟ್ಟುಕೊಂಡಳು. ಗೋಡೆಗೊರಗಿ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಎದೆ ಅವುಚಿಕೊಂಡಳು.

ಫೋನ್ ರಿಂಗಾಯಿತು. ಗಂಡನೇ ಇರಬೇಕು. ಕೈ ತೆಗೆದರೆ ಮೊಟ್ಟೆ ಜಾರುತ್ತವೆ. ಅದು ರಿಂಗಾಗುತ್ತಲೇ ಇತ್ತು. ಅವಳು ಕೈ ತೆಗೆಯಲಿಲ್ಲ.